ಎರಡನೇ ಸಲ ಊದಿದ್ದು

ನನ್ನ ತಂಗಿಗೆ ಸ್ವರಲಿಪಿ ಓದುವುದನ್ನು ಕಲಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವಳ ಬಗ್ಗೆ ಬರೆದವರು ಯಾರೂ ಇದನ್ನು ಬರೆದಿಲ್ಲ. ‘ಯಾರ ಬಳಿಯೂ ಕಲಿಯದೆ ತಾನಾಗಿ ಅರಳಿದ ಪ್ರತಿಭೆ’ ಎಂದು ಪತ್ರಿಕೆಯಲ್ಲಿ ಬಂದ ದಿನ ನಾನು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಲ್ಲಾಡುತ್ತಿದ್ದ ಊಟದ ಮೇಜಿನ ಕಾಲಿನ ಕೆಳಗೆ ಒತ್ತು ಕೊಟ್ಟೆ.

ಮನೆಯಲ್ಲಿ ಅವಳನ್ನು ಎಲ್ಲರೂ ಚೂಟಿ ಎಂದೇ ಕರೆಯುತ್ತಿದ್ದರು. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಮ್ಮಪ್ಪ ಪಿಯಾನೊ ರಿಪೇರಿ ಮಾಡುತ್ತಿದ್ದರು. ನನಗೆ ಐದು ತುಂಬಿದಾಗಿನಿಂದ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಚೂಟಿ ಕಲಿಯುವ ವಯಸ್ಸಿಗೆ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ನಾನು ಹನ್ನೆರಡು ವರ್ಷ ದಿನಕ್ಕೆ ನಾಲ್ಕು ಗಂಟೆ ಬೆರಳು ಸವೆಸಿ, ಕೊನೆಗೆ ಒಂದು ದೊಡ್ಡ ಹೋಟೆಲಿನ ಊಟದ ಹಾಲ್‌ನಲ್ಲಿ ಮಧ್ಯಾಹ್ನದ ಹೊತ್ತು ಪಿಯಾನೊ ನುಡಿಸುವ ಕೆಲಸ ಹಿಡಿದೆ. ಮನೆಯಲ್ಲಿ ಪಾಠವನ್ನೂ ಹೇಳುತ್ತಿದ್ದರಿಂದ ಎಲ್ಲರೂ ನನ್ನನ್ನು ಟೀಚರ್ ಎನ್ನುತ್ತಿದ್ದರು. ಮ್ಯಾನೇಜರು ಮೊದಲ ದಿನವೇ ಹೇಳಿದ್ದರು: “ಟೀಚರ್, ನಿಮ್ಮ ಸಂಗೀತ ಕೇಳಿ ಯಾರೂ ಅಗಿಯೋದನ್ನ ನಿಲ್ಲಿಸಬಾರದು, ಅಷ್ಟೇ.” ಆರು ವರ್ಷದಲ್ಲಿ ಒಬ್ಬರೂ ನಿಲ್ಲಿಸಿರಲಿಲ್ಲ.

ಚೂಟಿ ನಮ್ಮ ಹೋಟೆಲಿನ ಬಟ್ಟೆಗಳು ಹೋಗುತ್ತಿದ್ದ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕಿದ್ದಳು. ನನಗೆ ಮದುವೆಯಾಗಿ ಬೇರೆ ಮನೆಯಾಗಿತ್ತು, ಅವಳು ಅಮ್ಮನ ಜೊತೆಗಿದ್ದಳು. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಪೊಲೀಸ್ ಬ್ಯಾಂಡಿನವರು ಹಳೇ ವಾದ್ಯಗಳನ್ನು ವಿಲೇವಾರಿ ಮಾಡಿದಾಗ, ಹೊಟ್ಟೆ ನೆಗ್ಗಿದ್ದ ಒಂದು ಸ್ಯಾಕ್ಸೊಫೋನ್ ಎತ್ತಿಕೊಂಡು ಬಂದಳು. ಅಮ್ಮ ಅದನ್ನು ನೋಡಿ, “ಇದೇನೇ, ಕೊಳಾಯಿ ಕಿತ್ಕೊಂಡು ಬಂದಿದೀಯ?” ಎಂದಳು. ನಾನು ಅಮ್ಮನ ಅಡುಗೆಮನೆಯಲ್ಲಿ ಕೂತು, ಕಾಗದದ ಮೇಲೆ ಐದು ಗೆರೆ ಎಳೆದು, ಎಲ್ಲಿ ಯಾವ ಸ್ವರ ಎಂದು ತೋರಿಸಿಕೊಟ್ಟೆ. ಮೂರು ತಿಂಗಳಲ್ಲಿ ಓದಲು ಕಲಿತಳು. ನಾಲ್ಕನೇ ತಿಂಗಳು ಓದುವುದನ್ನೇ ಬಿಟ್ಟಳು.

“ಬರೆದಿರೋದನ್ನೇ ಊದೋದಾದ್ರೆ ಬರೆದವರೇ ಊದ್ಕೊಳ್ಳಲಿ ಬಿಡಕ್ಕ” ಎಂದಳು.

ಮನೆಯಲ್ಲಿ ಊದಿದರೆ ಅಕ್ಕಪಕ್ಕದವರ ಕಾಟ. ಹಾಗಾಗಿ ಅವಳು ಲಾಂಡ್ರಿಯ ಒಣಗಿಸುವ ಕೋಣೆಯಲ್ಲಿ, ಬಿಡುವಿನ ಹೊತ್ತಿನಲ್ಲಿ ಊದುತ್ತಿದ್ದಳು. ಅಲ್ಲಿ ಸಾಲುಸಾಲಾಗಿ ನೇತುಹಾಕಿದ ಹೋಟೆಲಿನ ಹಾಸಿಗೆ ಬಟ್ಟೆಗಳು ಸದ್ದನ್ನು ಹೀರಿಕೊಳ್ಳುತ್ತಿದ್ದವು. ಒಂದು ದಿನ ಮಧ್ಯಾಹ್ನ ನನ್ನ ಕೆಲಸ ಮುಗಿಸಿ, ಅವಳು ಅಮ್ಮನ ಮನೆಯಲ್ಲೇ ಮರೆತಿದ್ದ ಊಟದ ಡಬ್ಬಿ ಕೊಡಲು ಹೋದೆ. ಬಾಗಿಲಲ್ಲೇ ಕಾಲು ನಿಂತಿತು.

ಅದನ್ನು ಹೇಗೆ ಹೇಳಲಿ? ಮೊದಲಿಗೆ ನನಗೆ ಕೇಳಿಸಿದ್ದು ಬರೀ ತಪ್ಪುಗಳು. ಸ್ವರ ಹಿಡಿಯಬೇಕಾದ ಕಡೆ ಜಾರುತ್ತಿತ್ತು, ಜಾರಬೇಕಾದ ಕಡೆ ನಿಲ್ಲುತ್ತಿತ್ತು. ಟ್ಯೂನು ಎಲ್ಲೋ ಹೊರಟು, ದಾರಿಯಲ್ಲಿ ಸಿಕ್ಕವರ ಹತ್ತಿರ ಮಾತಾಡಿಕೊಂಡು ನಿಂತುಬಿಡುತ್ತಿತ್ತು. ಮುಗಿದ ಮೇಲೆ, “ಶ್ರುತಿ ತಪ್ಪಿದೆ ಕಣೆ” ಎಂದೆ.

“ತಪ್ಪಿಲ್ಲಕ್ಕ. ನಿನ್ನ ಪಿಯಾನೊದಲ್ಲಿ ಬಿಳಿ ಮನೆಗೂ ಕಪ್ಪು ಮನೆಗೂ ಮಧ್ಯೆ ಒಂದು ಓಣಿ ಇದೆ. ನಾನು ಅಲ್ಲಿದೀನಿ.”

“ಅಲ್ಲಿ ಯಾವ ಓಣಿಯೂ ಇಲ್ಲ.”

“ನಿನಗೆ ಕಾಣಲ್ಲ ಅಷ್ಟೇ” ಎಂದು ನಕ್ಕು ಡಬ್ಬಿ ಬಿಚ್ಚಿದಳು.

ತಿರುಗಿ ಹೊರಟಾಗ ಇಸ್ತ್ರಿ ಮೇಜುಗಳ ಹತ್ತಿರ ಯಾರೂ ಅಲ್ಲಾಡುತ್ತಿರಲಿಲ್ಲ. ಹೆಂಗಸರೆಲ್ಲ ಒಣಗಿಸುವ ಕೋಣೆಯ ಕಡೆಗೆ ಮುಖ ಮಾಡಿ ನಿಂತಿದ್ದರು. ಏನೋ ಸೀದ ವಾಸನೆ ಬರುತ್ತಿತ್ತು. ನನ್ನ ಸಂಗೀತಕ್ಕೆ ಯಾರೂ ಅಗಿಯುವುದನ್ನೂ ನಿಲ್ಲಿಸಿರಲಿಲ್ಲ. ಅವಳದಕ್ಕೆ ಒಂದು ದಿಂಬಿನ ಗವುಸು ಸುಟ್ಟುಹೋಗಿತ್ತು. ಅವತ್ತು ಹೊಟ್ಟೆಯಲ್ಲಿ ಕಿಡಿ ಬಿದ್ದದ್ದು.

ಅದಾದ ಒಂದು ವರ್ಷಕ್ಕೆ ರೆಕಾರ್ಡ್ ಅಂಗಡಿಯವರು ಹೋಟೆಲಿಗೆ ಊಟಕ್ಕೆ ಬಂದರು. ಬೊಕ್ಕ ತಲೆಯ, ಮೆತ್ತಗೆ ಮಾತಾಡುವ ಮನುಷ್ಯ. ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆಗೆ ಕಂಬಳಿ ಹೊಡೆಸಿ, ಟೇಪ್ ಯಂತ್ರ ಇಟ್ಟು, ಊರಿನ ವಾದಕರ ಚಿಕ್ಕ ಚಿಕ್ಕ ರೆಕಾರ್ಡುಗಳನ್ನು ಮಾಡುವ ಹುಚ್ಚು ಅವರಿಗೆ. ಅವರು ಕೇಳಿದ್ದು ನನ್ನನ್ನು. “ಟೀಚರ್, ನೀವೊಂದು ನಾಲ್ಕು ಜಾಝ್ ಟ್ಯೂನ್ ನುಡಿಸಿ. ಜೊತೆಗೆ ಯಾರಾದರೂ ಊದೋರಿದ್ರೆ ಕರ್ಕೊಂಡು ಬನ್ನಿ” ಎಂದರು. ನಮ್ಮ ಹೋಟೆಲಿನ ಕ್ಲಾರಿನೆಟ್‌ನವರನ್ನು ಕರೆದೆ. ಅವರಿಗೆ ಆ ವಾರವೇ ಮುಂದಿನ ಎರಡು ಹಲ್ಲು ಕೀಳಿಸಬೇಕಾಗಿ ಬಂತು. ಬೇರೆ ದಾರಿ ಇಲ್ಲದೆ ಚೂಟಿಗೆ ಹೇಳಿದೆ. ಅದು ನನ್ನ ರೆಕಾರ್ಡು ಆಗಬೇಕಿತ್ತು ಎನ್ನುವುದನ್ನು ಈಗ ಯಾರೂ ನಂಬುವುದಿಲ್ಲ.

ಕೋಣೆಯಲ್ಲಿ ನುಡಿಸುವವರು ನಾವು ನಾಲ್ಕು ಜನ. ಆಳೆತ್ತರದ ಬಾಸ್ ಪಿಟೀಲು ನುಡಿಸಲು ಒಬ್ಬ ಬಡಗಿ, ಡ್ರಮ್ಸಿಗೆ ಒಬ್ಬ ಬಸ್ ಕಂಡಕ್ಟರ್, ಮತ್ತೆ ನಾವಿಬ್ಬರು. ಅಂಗಡಿಯವರು ಮೊದಲ ಟ್ಯೂನಿಗೆ ನನ್ನ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಚೂಟಿ ಊದಲು ಶುರುಮಾಡಿ ಅರ್ಧ ನಿಮಿಷ ಆಗಿರಲಿಲ್ಲ, ಅವರು ಎದ್ದರು. ಸದ್ದಾಗದ ಹಾಗೆ ಕುರ್ಚಿ ಎತ್ತಿ, ಅವಳ ಕಡೆಗೆ ತಿರುಗಿಸಿ ಇಟ್ಟು ಮತ್ತೆ ಕೂತರು. ಮಿಕ್ಕ ಮೂರು ಟ್ಯೂನಿಗೂ ನನಗೆ ಕಂಡದ್ದು ಅವರ ಬೆನ್ನು.

ಕೊನೆಯದು ಚೂಟಿ ತಾನೇ ಕಟ್ಟಿದ ಟ್ಯೂನು. ಅದನ್ನು ಎರಡು ಸಲ ಟೇಪು ಮಾಡಿದೆವು. ಮೊದಲನೇ ಸಲ ಅವಳು ಕೊನೆಯ ಹೊತ್ತಿಗೆ ಒಂದು ಉದ್ದನೆಯ ಸಾಲು ಊದಿದಳು. ಮೇಲಿನಿಂದ ಇಳಿಯುತ್ತ, ಪ್ರತಿ ಸ್ವರದಲ್ಲೂ ಚೂರು ತಡೆದು, ಇನ್ನೇನು ಮುಗಿಯಿತು ಅನ್ನುವಾಗ ಒಂದು ಸಣ್ಣ ತಿರುವು ತೆಗೆದುಕೊಂಡು, ನಾವು ಯಾರೂ ಎಣಿಸದ ಕಡೆ ಹೋಗಿ ಕೂತಿತು. ನನ್ನ ಕೈ ಪಿಯಾನೊದ ಮನೆಗಳ ಮೇಲೇ ನಿಂತುಬಿಟ್ಟಿತು. ಎರಡನೇ ಸಲ ಮಧ್ಯದಲ್ಲೇ ಅವಳ ರೀಡ್, ಅಂದರೆ ಬಾಯಲ್ಲಿ ಹಿಡಿಯುವ ಆ ತೆಳು ಪಟ್ಟಿ, ಸೀಳಿತು. ಸ್ವರ ಕಿರ್ರೆಂದು ಎರಡಾಯಿತು. ಅವಳು ನಿಲ್ಲಿಸಿ, ಉಸ್ಸೆಂದು ಉಸಿರು ಬಿಟ್ಟು, ನಕ್ಕು, ಮೂರು ಎಣಿಕೆ ತಡವಾಗಿ ಅದೇ ಸೀಳಿದ ರೀಡಿನಲ್ಲೇ ಮತ್ತೆ ಸೇರಿಕೊಂಡಳು. ಆ ಮೂರು ಎಣಿಕೆ ಪೂರ್ತಿ ಟ್ಯೂನನ್ನು ಹೊತ್ತು ನಿಂತದ್ದು ನನ್ನ ಪಿಯಾನೊ. ಒಂದು ಕೂದಲೆಳೆ ತಪ್ಪಿಲ್ಲ.

“ಗುರುವಾರದೊಳಗೆ ಯಾವುದು ಬೇಕು ಹೇಳಿಬಿಡಿ. ಇನ್ನೊಂದರ ಟೇಪನ್ನ ನಾನು ಬೇರೆ ಕೆಲಸಕ್ಕೆ ಬಳಸ್ತೀನಿ” ಎಂದರು ಅಂಗಡಿಯವರು.

ಮೆಟ್ಟಿಲು ಇಳಿಯುತ್ತ ಚೂಟಿ ನನ್ನ ತೋಳು ಹಿಡಿದುಕೊಂಡಳು. “ಮೊದಲನೇದು ಕಣಕ್ಕ. ಎರಡು ವರ್ಷದಿಂದ ಆ ಸಾಲು ಹುಡುಕ್ತಿದ್ದೆ, ಇವತ್ತು ಸಿಕ್ತು. ಗುರುವಾರ ನನಗೆ ಲಾಂಡ್ರಿಲಿ ರಜ ಕೊಡಲ್ಲ. ನೀನೇ ಹೋಗಿ ಹೇಳ್ಬಿಡ್ತೀಯ?”

“ಹೇಳ್ತೀನಿ ಬಿಡು” ಎಂದೆ.

ಗುರುವಾರ ಹೋದೆ. ದಾರಿಯುದ್ದಕ್ಕೂ ಮೊದಲನೆಯದನ್ನೇ ಹೇಳುವ ಮನಸ್ಸಿತ್ತು. ಆಣೆ ಮಾಡಿ ಹೇಳುತ್ತೇನೆ. ಅಂಗಡಿಯವರು ಕಿವಿಗೆ ಹೆಡ್‌ಫೋನ್ ಕೊಟ್ಟು ಎರಡನ್ನೂ ಕೇಳಿಸಿದರು. ಮೊದಲನೆಯದನ್ನು ನಾನು ಮೂರು ಸಲ ಹಾಕಿಸಿದೆ. ಮೂರನೇ ಸಲಕ್ಕೆ ಆ ಸಾಲು ನನಗೆ ಬಾಯಿಪಾಠ ಆಗಿತ್ತು. ಹನ್ನೆರಡು ವರ್ಷ ದಿನಕ್ಕೆ ನಾಲ್ಕು ಗಂಟೆ ಕೂತ ನನಗೆ ಅಂಥದ್ದೊಂದು ಸಾಲು, ಅದರ ಅರ್ಧ, ಅದರ ನೆರಳು ಕೂಡ ಸಿಕ್ಕಿರಲಿಲ್ಲ. ಇವಳಿಗೆ ಒದ್ದೆ ಬಟ್ಟೆಗಳ ಮಧ್ಯೆ ನಿಂತು ಸಿಕ್ಕಿತ್ತು.

“ಯಾವುದು ಟೀಚರ್?”

“ಎರಡನೇದು.”

ಅವರು ಹುಬ್ಬು ಮೇಲೇರಿಸಿದರು. “ರೀಡ್ ಸೀಳಿದ್ದಾ? ನಿಜವಾಗ್ಲೂ?”

“ಅವಳಿಗೆ ಅದೇ ಬೇಕಂತೆ.”

ಅಷ್ಟು ಸುಲಭವಾಗಿ ಬಂತು ಮಾತು, ಉಗುಳು ನುಂಗಿದ ಹಾಗೆ. ನಾನಿನ್ನೂ ಅಲ್ಲಿ ಕೂತಿರುವಾಗಲೇ ಬೂಟ್ ಪಾಲಿಶ್ ಕಂಪನಿಯವರೊಬ್ಬರು ಜಾಹೀರಾತು ಓದಲು ಬಂದರು. ಅಂಗಡಿಯವರು ಮೊದಲನೆಯ ಟೇಪಿನ ಸುರುಳಿಯನ್ನೇ ಯಂತ್ರಕ್ಕೆ ಹಾಕಿದರು. ಸುರುಳಿ ತಿರುಗಿತು. ‘ನಿಮ್ಮ ಮುಖ ನಿಮ್ಮ ಬೂಟಿನಲ್ಲಿ ಕಾಣಲಿ’ ಎಂದು ಆ ಮನುಷ್ಯ ನಾಲ್ಕು ಸಲ ಓದಿದ. “ಸರ್, ಒಂದು ನಿಮಿಷ” ಎನ್ನಲು ನನಗೆ ಬೇಕಾದಷ್ಟು ಸಮಯವಿತ್ತು. ಅನ್ನಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಇಳಿದು ಬಂದೆ.

ರೆಕಾರ್ಡು ಬಂದ ದಿನ ಚೂಟಿ, ಅಮ್ಮ, ನಾನು, ನನ್ನ ಯಜಮಾನರು ಎಲ್ಲರೂ ಅಂಗಡಿಗೆ ಹೋದೆವು. ಸೂಜಿ ಇಟ್ಟರು. ಕೊನೆಯ ಟ್ಯೂನು ಬಂದಾಗ ಚೂಟಿಯ ಮುಖ ನಿಧಾನಕ್ಕೆ ಇಳಿದುಹೋಯಿತು.

“ಅಕ್ಕ, ಇದು ಎರಡನೇದಲ್ವಾ?”

“ಮೊದಲನೇದರಲ್ಲಿ ಏನೋ ಗೊರಗೊರ ಸದ್ದು ಸೇರ್ಕೊಂಡಿತ್ತಂತೆ ಕಣೆ. ಅವರು ಇದನ್ನೇ ಹಾಕಿದಾರೆ” ಎಂದು ಅವಳ ಕಿವಿಯಲ್ಲಿ ಉಸುರಿದೆ. ಒಂದು ಸುಳ್ಳಿಗೆ ಇನ್ನೊಂದು ಜೋಡಿ.

ಅವಳು ರೆಕಾರ್ಡಿನ ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ, “ಹೋಗ್ಲಿ ಬಿಡು” ಎಂದು ಅಂಗಡಿಯವರಿಗೆ ಕೈಮುಗಿದಳು. ಅವಳು ಹಾಗೆ ಕೈಮುಗಿದದ್ದು ನೋಡಿ ನನಗೆ ಸಂಕಟ ಆಗಬೇಕಿತ್ತು. ಆಯಿತು ಕೂಡ. ಆದರೆ ಸಂಕಟದ ಅಡಿಯಲ್ಲಿ ಒಂದು ತೃಪ್ತಿಯೂ ಇತ್ತು. ಅದನ್ನು ಮುಚ್ಚಿಟ್ಟರೆ ಈ ಕತೆ ಹೇಳಿ ಪ್ರಯೋಜನವಿಲ್ಲ. ಇನ್ನು ಇವಳ ತಪ್ಪು ಎಲ್ಲರಿಗೂ ಕೇಳಿಸುತ್ತದೆ, ನನ್ನ ಪಿಯಾನೊ ಹೇಗೆ ಕಾಪಾಡಿತು ಎಂಬುದೂ ಕೇಳಿಸುತ್ತದೆ ಎಂದುಕೊಂಡೆ.

ಆದದ್ದೇ ಬೇರೆ. ಎರಡು ವಾರಕ್ಕೆ ಪತ್ರಿಕೆಯಲ್ಲಿ ಸಂಗೀತದ ಬಗ್ಗೆ ಬರೆಯುವವರು ಅರ್ಧ ಪುಟ ಬರೆದರು. ಆ ಸೀಳಿದ ಸ್ವರವನ್ನು ಹೊಗಳಿದರು. ಉಸಿರನ್ನು ಹೊಗಳಿದರು, ನಗುವನ್ನು ಹೊಗಳಿದರು. ತಡವಾಗಿ ಸೇರಿಕೊಂಡ ಆ ಮೂರು ಎಣಿಕೆಗೆ ಒಂದು ಇಡೀ ಪ್ಯಾರಾ. ವಾದ್ಯವೊಂದು ಮನುಷ್ಯರ ಹಾಗೆ ಒಡೆದು, ಮನುಷ್ಯರ ಹಾಗೆ ಎದ್ದು ನಿಂತದ್ದನ್ನು ತಾವು ಮೊದಲ ಸಲ ಕೇಳಿದ್ದಾಗಿ ಬರೆದರು. ಕೊನೆಯಲ್ಲಿ ಒಂದೇ ವಾಕ್ಯ: ‘ಪಿಯಾನೊ ಮಾತ್ರ ಬೇಡವಾಗಿತ್ತು.’

ಆಮೇಲೆ ಅಂಗಡಿಗೆ ಬಂದವರೆಲ್ಲ “ಆ ಸೀಳು ಸ್ವರದ ರೆಕಾರ್ಡ್ ಕೊಡಿ” ಎಂದು ಕೇಳಲು ಶುರುಮಾಡಿದರು. ರೇಡಿಯೊದಲ್ಲಿ ಹಾಕಿದರು. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರು, ಸಂಗೀತದ ಗಂಧಗಾಳಿ ಇಲ್ಲದವರು, ಗಡ್ಡ ಕೆರೆಯುತ್ತ ಆ ಟ್ಯೂನನ್ನು ಸಿಳ್ಳೆ ಹಾಕತೊಡಗಿದರು. ರೀಡ್ ಸೀಳುವ ಜಾಗ ಬಂದಾಗ ಬಾಯಲ್ಲೇ ಕಿರ್ರೆನ್ನಿಸಿ, “ನಿನ್ನ ತಂಗಿ ಭಾರೀ ಊದ್ತಾಳೆ ಮಾರಾಯ್ತಿ!” ಎನ್ನುತ್ತಿದ್ದರು.

“ಕೆನ್ನೆ ಕುಯ್ಕೋತೀರ, ನೋಡ್ಕೊಂಡು ಮಾಡಿ” ಎನ್ನುತ್ತಿದ್ದೆ. ಕುಯ್ದುಕೊಂಡರೂ ಪರವಾಗಿಲ್ಲ ಅನ್ನಿಸುತ್ತಿತ್ತು.

ಹೋಟೆಲಿನಲ್ಲಿ ಒಂದು ಮಧ್ಯಾಹ್ನ ಒಬ್ಬರು ನನ್ನ ಹತ್ತಿರ ಬಂದು ಬಗ್ಗಿದರು. ಆರು ವರ್ಷದಲ್ಲಿ ಮೊದಲ ಸಲ ಒಬ್ಬರು ಅಗಿಯುವುದನ್ನು ಬಿಟ್ಟು ಎದ್ದು ಬಂದಿದ್ದರು. ಎದೆ ಹಿಗ್ಗಿತು. “ನೀವು ಅವರ ಅಕ್ಕ ಅಂತಲ್ಲ, ಹೌದಾ?” ಎಂದು ಕೇಳಿ ವಾಪಸ್ ಹೋಗಿ ಕೂತರು.

ಎರಡನೇ ರೆಕಾರ್ಡಿನ ಮಾತಿಗೆ ಅಂಗಡಿಯವರು ನಮ್ಮ ಮನೆಗೇ ಬಂದರು, ಚೂಟಿಯ ಜೊತೆ. ಟೀ ಕೊಟ್ಟೆ. ಅವರು ಲೋಟವನ್ನು ತಿರುಗಿಸುತ್ತ ಕೂತರು, ಗಂಟಲು ಸರಿಮಾಡಿಕೊಂಡರು, ಕಿಟಕಿ ನೋಡಿದರು. ಕೊನೆಗೆ ಚೂಟಿಯೇ ಹೇಳಿದಳು.

“ಅಕ್ಕ, ಈ ಸಲ ಪಿಯಾನೊ ಇಲ್ದೆ ಮಾಡೋಣ ಅಂತ.”

“ಇವರು ಹೇಳಿದ್ರಾ?”

“ಇಲ್ಲ. ನಾನೇ ಹೇಳಿದ್ದು. ನೀನು ಕೆಳಗೆ ನಾಲ್ಕು ಸ್ವರ ಒಟ್ಟಿಗೆ ಒತ್ತಿದ ತಕ್ಷಣ ನನಗೆ ಎಲ್ಲಿಗೆ ಹೋಗ್ಬೇಕು ಅಂತ ಮೊದಲೇ ಗೊತ್ತಾಗಿಬಿಡುತ್ತೆ. ಗೊತ್ತಾದ ಮೇಲೆ ಹೋಗೋಕೆ ಮನಸ್ಸು ಬರಲ್ಲ. ನಿನ್ನ ತಪ್ಪಲ್ಲಕ್ಕ.”

ಈ ‘ನಿನ್ನ ತಪ್ಪಲ್ಲ’ ಎನ್ನುವ ಮಾತು ನನ್ನನ್ನು ಕೆಡಿಸಿತು. ತಪ್ಪು ಎಂದಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದೆನೋ ಏನೋ.

“ನಿನ್ನನ್ನ ದೊಡ್ಡವಳನ್ನಾಗಿ ಮಾಡಿದ್ದು ನಾನು ಕಣೆ!” ಎಂದೆ. ಸ್ವರ ಏರಿತ್ತು. “ಇಡೀ ಊರು ಕುಣೀತಿರೋ ಆ ಸೀಳು ಸ್ವರ ಇದೆಯಲ್ಲ, ಅದನ್ನ ಆರಿಸಿದ್ದು ನಾನು. ಎರಡನೇದೇ ಇರಲಿ ಅಂತ ಗುರುವಾರ ಹೋಗಿ ಹೇಳಿದವಳು ನಾನು. ಗೊರಗೊರ ಸದ್ದೂ ಇರಲಿಲ್ಲ, ಏನೂ ಇರಲಿಲ್ಲ.”

ಅಂಗಡಿಯವರು ಲೋಟ ಕೆಳಗಿಟ್ಟರು. “ಅವಳಿಗೆ ಅದೇ ಬೇಕಂತೆ ಅಂದ್ರಲ್ಲ ಟೀಚರ್...”

ಚೂಟಿ ನನ್ನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಒಂದೇ: “ಮೊದಲನೇದು ಎಲ್ಲಿದೆ?”

ಅಂಗಡಿಯವರು ತಲೆ ತಗ್ಗಿಸಿದರು. ನಾನೇ ಹೇಳಬೇಕಾಯಿತು. “ಇಲ್ಲ. ಅದರ ಮೇಲೆ ಬೂಟ್ ಪಾಲಿಶ್ ಜಾಹೀರಾತು ಮಾಡಿದ್ರು.”

ಅವಳು ನಕ್ಕಳು. ನಿಜವಾಗಿಯೂ ನಕ್ಕಳು, ಬೂಟ್ ಪಾಲಿಶ್ ಎಂದು ಎರಡು ಸಲ ಹೇಳಿ ನಕ್ಕಳು. ನಗುತ್ತಲೇ ಅಳು ಬಂತು. “ಆ ಸಾಲು ಮತ್ತೆ ಬಂದಿಲ್ಲ ನನಗೆ. ದಿನಾ ಹುಡುಕ್ತೀನಿ. ಎಲ್ಲೇ ಹೋದ್ರೂ ಜನ ರೀಡ್ ಸೀಳು ರೀಡ್ ಸೀಳು ಅಂತಾರೆ. ನಾನು ಬೇಕು ಅಂತ ಮಾಡಿದ್ದಲ್ಲ ಅದು. ನಾನು ಮಾಡಿದ್ದು ಒಂದೇ ಒಂದು, ಅದನ್ನ ನೀನು...” ಎಂದವಳು ಮಾತು ಮುಗಿಸದೆ ಎದ್ದು ಹೋದಳು. ಅವಳ ಟೀ ಹಾಗೇ ಇತ್ತು.

ಎರಡು ವರ್ಷ ಮಾತಿಲ್ಲ. ಅಮ್ಮ ಅವಳ ಜೊತೆಗಿದ್ದಳು. ಆಗಾಗ ನನ್ನ ಮನೆಗೆ ಬಂದು, “ನಿಮ್ಮಿಬ್ಬರ ಪಿಯಾನೊ ಪೀಪಿ ಎರಡಕ್ಕೂ ಬೆಂಕಿ ಬೀಳ” ಎಂದು ಶಾಪ ಹಾಕಿ, ಅವಳ ಸುದ್ದಿ ನನಗೆ, ನನ್ನ ಸುದ್ದಿ ಅವಳಿಗೆ ಒಪ್ಪಿಸುತ್ತಿದ್ದಳು. ಚೂಟಿಯ ಎರಡನೇ ರೆಕಾರ್ಡು ಬಂತು. ನಮ್ಮ ಗುರುತಿಲ್ಲದ ಬಡಾವಣೆಗೆ ಹೋಗಿ ಕೊಂಡು ತಂದೆ. ಯಜಮಾನರು ಕೆಲಸಕ್ಕೆ ಹೋದ ಮೇಲೆ ಹಾಕಿ ಕೇಳಿದೆ. ಪಿಯಾನೊ ಇಲ್ಲದ ಕಡೆ ಒಂದು ಹಳ್ಳ ಕಾಣುತ್ತದೆ, ಟ್ಯೂನು ಅಲ್ಲಿ ಮುಗ್ಗರಿಸುತ್ತದೆ ಎಂದು ಕಾದು ಕೂತೆ. ಎರಡೂ ಮಗ್ಗುಲು ಮುಗಿದವು. ಎಲ್ಲೂ ಮುಗ್ಗರಿಸಲಿಲ್ಲ. ನಾನು ಇಲ್ಲದಿರುವುದು ಗೊತ್ತೇ ಆಗಲಿಲ್ಲ. ಅವತ್ತು ಹೋಟೆಲಿಗೆ ತಲೆನೋವೆಂದು ಹೇಳಿಕಳಿಸಿ ಮಲಗಿದೆ.

ಆದರೆ ಕಳೆದುಹೋದ ಆ ಸಾಲು ನನ್ನ ತಲೆಯಲ್ಲಿತ್ತು. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ತಾನಾಗಿ ಬರುತ್ತಿತ್ತು. ಬೇಡವೆಂದರೂ ಬರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರೊಬ್ಬರಿಗೆ ಪಾಠ ಹೇಳುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಚೂಟಿ ಸ್ಯಾಕ್ಸೊಫೋನ್ ಪೆಟ್ಟಿಗೆ ಹಿಡಿದು ಒಳಗೆ ಬಂದು, ಏನೂ ಹೇಳದೆ ಮೂಲೆಯಲ್ಲಿ ಕೂತಳು. ಡಾಕ್ಟರು ಅವಳ ಗುರುತು ಹಿಡಿದು ಬೆರಳು ತಪ್ಪಿದರು, ಮತ್ತೆ ತಪ್ಪಿದರು, ಕೊನೆಗೆ ಪಾಠ ಅರ್ಧಕ್ಕೇ ಸಾಕೆಂದು ಎದ್ದು ಹೋದರು.

“ನೀನು ಆ ಟೇಪನ್ನ ಮೂರು ಸಲ ಕೇಳಿದ್ದೆಯಂತೆ. ಅಂಗಡಿಯವರು ಹೇಳಿದ್ರು” ಎಂದಳು ಚೂಟಿ.

“ಹೂಂ.”

“ನೆನಪಿದೆಯಾ?”

“ಇದೆ.”

“ಪೂರ್ತಿ?”

“ಪೂರ್ತಿ.”

ಅವಳು ಪೆಟ್ಟಿಗೆ ಬಿಚ್ಚಿದಳು. ನಾನು ಪಿಯಾನೊದಲ್ಲಿ ನುಡಿಸಲು ಹೋದೆ, ಬರಲಿಲ್ಲ. ಅದು ಆ ಬಿಳಿ ಕಪ್ಪು ಮನೆಗಳಲ್ಲಿ ಕೂರುವಂಥದ್ದೇ ಅಲ್ಲ. ಹಾಗಾಗಿ ಹಾಡಿದೆ. ನನ್ನದು ಹೇಳಿಕೊಳ್ಳುವಂಥ ಗಂಟಲೇನಲ್ಲ. ಇಳಿಯುತ್ತ ಇಳಿಯುತ್ತ ಆ ಕೊನೆಯ ತಿರುವಿನ ಹತ್ತಿರ ಬಂದಾಗ ಒಂದು ಯೋಚನೆ ಹಾದುಹೋಯಿತು: ಇದನ್ನು ಒಂದೆಳೆ ಮೇಲೆತ್ತಿ ಹಾಡಿದರೆ ಇವಳಿಗೆ ಯಾವತ್ತೂ ತಿಳಿಯುವುದಿಲ್ಲ. ಸರಿಯಾಗಿಯೇ ಹಾಡಿದೆ. ಒಳ್ಳೆಯತನದಿಂದ ಅಲ್ಲ. ಎರಡು ವರ್ಷ ನನ್ನೊಳಗೆ ತಿರುಗಿ ತಿರುಗಿ ಅದು ಎಷ್ಟು ಗಟ್ಟಿಯಾಗಿತ್ತೆಂದರೆ ತಪ್ಪಾಗಿ ಹಾಡಲು ನನ್ನ ಕೈಲಾಗಲಿಲ್ಲ.

ಚೂಟಿ ಊದಿದಳು. “ಅಲ್ಲ, ಅಲ್ಲಿ ಇನ್ನೂ ಸ್ವಲ್ಪ ತಡಿ” ಎಂದೆ. ಮತ್ತೆ ಊದಿದಳು. ನಾಲ್ಕನೇ ಸಲ ಅದು ಬಂತು, ಚೂರೂ ಬದಲಾಗದೆ ಹಾಗೇ.

ಅವಳು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡಳು.

“ಇಷ್ಟೇನಾ?”

“ಇಷ್ಟೇ. ಯಾಕೆ?”

“ಇದಕ್ಕಾ ನಾನು ಎರಡು ವರ್ಷ ಅತ್ತಿದ್ದು?” ಅವಳ ಮುಖದಲ್ಲಿ ಬೇಸರ ಇರಲಿಲ್ಲ, ಒಂಥರಾ ಆಶ್ಚರ್ಯ ಇತ್ತು. “ಚೆನ್ನಾಗಿದೆ ಅಕ್ಕ. ಆದ್ರೆ ಮುಗಿದುಹೋಗಿದೆ. ಈಗ ನಾನು ಇಲ್ಲಿಲ್ಲ.”

ನನಗೆ ತಡೆಯಲಾಗಲಿಲ್ಲ. “ಚೆನ್ನಾಗಿದೆ ಅಂತೀಯಾ? ಇಂಥದ್ದೊಂದು ಸಾಲು ನನಗೆ ಸಿಕ್ಕಿದ್ರೆ ಬದುಕೆಲ್ಲ ಅದನ್ನೇ ನುಡಿಸ್ತಿದ್ದೆ.”

“ಗೊತ್ತು” ಎಂದಳು, ಮೆಲ್ಲಗೆ.

ಆ ‘ಗೊತ್ತು’ ಪತ್ರಿಕೆಯವರ ವಾಕ್ಯಕ್ಕಿಂತ ಚುಚ್ಚಿತು. ಅವಳು ರೀಡ್ ಬಿಚ್ಚಿ ಒರೆಸುತ್ತ, “ನಿನ್ನನ್ನ ಕ್ಷಮಿಸಿದೀನಿ ಅಂದ್ಕೋಬೇಡ. ಸುಳ್ಳು ಹೇಳಿದ್ದಕ್ಕೆ ಇನ್ನೂ ಕೋಪ ಇದೆ” ಎಂದಳು.

“ನಾನೆಲ್ಲಿ ಕ್ಷಮಿಸು ಅಂದೆ?”

“ಅದೂ ಸರಿ. ಟೀ ಮಾಡ್ತೀಯಾ?”

ಮಾಡಿದೆ. ಕುಡಿದಳು. ಆಮೇಲೆ ತಿಂಗಳಿಗೊಮ್ಮೆ ಬರತೊಡಗಿದಳು.

ಈಗ ಅವಳದು ಏಳು ರೆಕಾರ್ಡುಗಳಾಗಿವೆ, ಮೊದಲನೆಯದು ಬಿಟ್ಟರೆ ಒಂದರಲ್ಲೂ ಪಿಯಾನೊ ಇಲ್ಲ. ಲಾಂಡ್ರಿ ಬಿಟ್ಟು ಬಹಳ ದಿನವಾಯಿತು. ನಾನು ಅದೇ ಹೋಟೆಲಿನಲ್ಲಿದ್ದೇನೆ. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಅವಳಿಗೂ ಅದು ಗೊತ್ತು. ಹೊಸ ಟೇಪನ್ನು ಅಂಗಡಿಯವರಿಗೆ ಒಪ್ಪಿಸುವ ಮೊದಲು ನನ್ನ ಮನೆಗೆ ತಂದು ಹಾಕುತ್ತಾಳೆ. ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಾಳೆ. ಮುಗಿದ ಮೇಲೆ, “ಉರೀತಾ?” ಎಂದು ಕೇಳುತ್ತಾಳೆ.

“ಉರೀತು” ಎಂದರೆ ಟೇಪನ್ನು ಚೀಲಕ್ಕೆ ಹಾಕಿಕೊಂಡು ಖುಷಿಯಾಗಿ ಹೋಗುತ್ತಾಳೆ.

ಹೋದ ತಿಂಗಳು ಮೊದಲ ಸಲ, “ಇಲ್ಲ ಕಣೆ, ಉರೀಲಿಲ್ಲ” ಎಂದೆ. ಅವಳು ಕಾರಣ ಕೇಳಲಿಲ್ಲ. ಟೀಯನ್ನೂ ಕುಡಿಯದೆ ಎದ್ದು, ಪೂರ್ತಿ ರೆಕಾರ್ಡನ್ನು ಮೊದಲಿನಿಂದ ಮಾಡಲು ವಾಪಸ್ ಹೋದಳು.